ಗರ್ಭಪಾತದ ಬಗ್ಗೆ ನನಗೆ ಗೊತ್ತಿದ್ದದ್ದು

ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಗರ್ಭಪಾತದ ವಿರುದ್ಧ ನನ್ನಷ್ಟು ಚೆನ್ನಾಗಿ ಮಾತಾಡುವವರು ಯಾರೂ ಇರಲಿಲ್ಲ. ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲ. ಅನ್ನಪೂರ್ಣೇಶ್ವರಿ ನಗರದಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಹಾಲೇ ನಮ್ಮ ಸಭೆ, ನಮ್ಮ ಚರ್ಚು. ನಾನು ಮೈಕ್ ಹಿಡಿದು ಹುಟ್ಟದ ಕೂಸಿನ ಮಾತೆತ್ತಿದರೆ ಮುಂದಿನ ಸಾಲಿನ ಅಜ್ಜಿಯರು ಸೆರಗನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರಲ್ಲಿ ಯಾರಿಗೂ ಬಸಿರಾಗುವ ವಯಸ್ಸಿಲ್ಲ ಎನ್ನುವುದು ನನಗೆ ಹೊಳೆದಿರಲಿಲ್ಲ.

ಕಳೆದ ವಿಧಾನಸಭಾ ಚುನಾವಣೆಯಲ್ಲಿ ನಾನು ಸಿದ್ದೇಶ್ ಪರ ಕೆಲಸಕ್ಕಿಳಿದೆ. ಗಾರ್ಮೆಂಟ್ಸ್ ಹೆಂಗಸರ ಸಂಬಳಕ್ಕಾಗಿ ಹತ್ತು ವರ್ಷ ಓಡಾಡಿದವರು, ಸಣ್ಣ ಪಕ್ಷ, ಗೆಲ್ಲುವ ಅಪಾಯವಿರಲಿಲ್ಲ. ಯೇಸು ಈಗ ನಮ್ಮ ವಿಜಯನಗರದಲ್ಲಿದ್ದಿದ್ದರೆ ಇವರ ಜೊತೆಗೇ ಇರುತ್ತಿದ್ದ ಎಂದು ನಾನು ಪಾಸ್ಟರ್ ಅರುಣ್ ಕುಮಾರ್ ಅವರಿಗೂ ಹೇಳಿದ್ದೆ. ಅವರು, "ಪ್ರಾರ್ಥನೆ ಮಾಡೋಣ ಸಿಸ್ಟರ್" ಎಂದಿದ್ದರು. ಅಂದರೆ ಬೇಡ ಎಂದರ್ಥ.

ತೊಂದರೆಯಿದ್ದದ್ದು ಕರಪತ್ರದ ಒಂದು ಸಾಲಿನಲ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಿತ ಗರ್ಭಪಾತ ಸಿಗಬೇಕು; ವಯಸ್ಕ ಹೆಣ್ಣಿಗೆ ಅವಳ ಒಪ್ಪಿಗೆಯೇ ಕಾನೂನಿಗೆ ಸಾಕು, ಗಂಡನ ಸಹಿ ಕೇಳುವ ಹಾಗಿಲ್ಲ. ಚಂದ್ರಾ ಲೇಔಟ್‌ನಲ್ಲಿ ಮನೆಮನೆಗೆ ಹಂಚುವಾಗ ನಾನು ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು ಕೊಡುತ್ತಿದ್ದೆ. ತಗೊಂಡವರು ಯಾವ ಸಾಲನ್ನೂ ಓದದೆ, "ಕಾವೇರಿ ನೀರು ಯಾವಾಗ ಬಿಡ್ತಾರಮ್ಮ?" ಎನ್ನುತ್ತಿದ್ದರು. ಹೆಬ್ಬೆರಳಿಗೆ ಸುಮ್ಮನೆ ನೋವು.

ಕೊನೆಗೆ ಮನಸ್ಸಾಕ್ಷಿ ತಡೆಯದೆ ಸಿದ್ದೇಶ್ ಹತ್ತಿರ ಹೋಗಿ, ಈ ಸಾಲಿರುವವರೆಗೆ ನಾನಿರಲಾರೆ ಎಂದೆ. ಅವರು ಚಹಾ ಹೀರುತ್ತಾ, "ಆಯ್ತು ಮೇಡಂ. ಆದ್ರೆ ಭಾನುವಾರದ ರ‍್ಯಾಲಿ ಮುಗಿದ ಮೇಲೆ ಬಿಡಿ, ಜನ ಕಮ್ಮಿ ಇದಾರೆ" ಎಂದರು. ಹುತಾತ್ಮಳಾಗಲು ಹೋದವಳು ಬಾವುಟ ಹೊತ್ತುಕೊಂಡು ಬಂದೆ.

ಆ ವಾರವೇ ಅನು ಮನೆಗೆ ಬಂದಳು. ನಮ್ಮ ಸಭೆಯವಳೇ, ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಎರಡು ಮಕ್ಕಳು. ಗಂಡ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಾನೆ. ಎರಡನೇ ಹೆರಿಗೆಯಲ್ಲಿ ಅವಳ ಹೃದಯದ ವಾಲ್ವು ಕೈಕೊಟ್ಟು, ಇನ್ನೊಂದು ಹೆತ್ತರೆ ಉಳಿಯೋದು ಕಷ್ಟ ಅಂತ ಡಾಕ್ಟರು ಅಂದೇ ಹೇಳಿದ್ದರು. ಈಗ ಮತ್ತೆ ಎರಡು ತಿಂಗಳು.

"ತೆಗೆಸ್ಬೇಕಕ್ಕ. ಎಲ್ಲಿಗೆ ಹೋಗ್ಬೇಕು?"

"ನನ್ನನ್ನ ಯಾಕೆ ಕೇಳ್ತಿದೀಯ ಅನು?"

"ನೀವು ಪ್ರತಿ ತಿಂಗಳೂ ಅದೇ ಮಾತಾಡ್ತೀರಲ್ಲ. ನಿಮಗೆ ಎಲ್ಲಾ ಗೊತ್ತಿರುತ್ತೆ ಅಂತ ಬಂದೆ."

ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿರಲಿಲ್ಲ. ಸಿದ್ದೇಶ್‌ಗೇ ಫೋನ್ ಮಾಡಿ, ಯಾರಿಗೋ ಬೇಕಿತ್ತು ಎಂದು ಕೇಳಿ ತಿಳಿದುಕೊಂಡೆ. ಅವಳ ಮನಸ್ಸು ಬದಲಾಯಿಸಬಹುದೆಂಬ ಆಸೆಯಿಂದ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಹೇಳಲು ಮಾತು ಜೋಡಿಸಿಕೊಂಡಿದ್ದೆ. ಆದರೆ ಬಸ್ಸಿನಲ್ಲಿ ಸೀಟು ಸಿಗದೆ ಅವಳು ಕಂಬ ಹಿಡಿದು ಏದುಸಿರು ಬಿಡುತ್ತಿದ್ದಳು. ಜೋಡಿಸಿಕೊಂಡ ಮಾತು ಬಿಟ್ಟು ಅವಳ ಚೀಲ ಇಸಿದುಕೊಂಡೆ.

ಆಸ್ಪತ್ರೆಯ ಕೌಂಟರಿನ ನರ್ಸು ಕತ್ತೆತ್ತದೆ ಹೇಳಿದಳು: "ಗಂಡನ್ನ ಕರ್ಕೊಂಡ್ಬನ್ನಿ. ಸಹಿ ಬೇಕು."

"ಅವ್ರು ನಾಗಪುರದಲ್ಲಿದಾರೆ" ಎಂದಳು ಅನು.

"ಬಂದ್ಮೇಲೆ ಬನ್ನಿ."

ಕರ್ತನೇ ಬಾಗಿಲು ಹಾಕಿದ, ನನ್ನ ಕೈ ಕೆಸರಾಗದೆ ಮನೆಗೆ ಹೋಗಬಹುದು. ನಿಜ ಹೇಳಬೇಕೆಂದರೆ ಮೊದಲು ಅನ್ನಿಸಿದ್ದು ಅದೇ. ಅನು ಗೋಡೆಗೊರಗಿ ಕೂತಳು. ತುಟಿ ನೀಲಿಯಾಗಿತ್ತು. ಆಮೇಲೆ ನನ್ನ ಬಾಯಿಂದ, ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ಗಂಟಲಿನಿಂದ, ಆ ಸಾಲು ಹೊರಬಿತ್ತು. "ವಯಸ್ಕ ಹೆಣ್ಣಿಗೆ ಅವಳ ಒಪ್ಪಿಗೆಯೇ ಕಾನೂನಿಗೆ ಸಾಕು. ಗಂಡನ ಸಹಿ ಕೇಳೋ ಹಾಗಿಲ್ಲ." ಪಕ್ಷದಲ್ಲಿ ಅದನ್ನು ಬಾಯಿಪಾಠ ಮಾಡಿದ್ದವಳು ನಾನೊಬ್ಬಳೇ ಇರಬೇಕು, ಹೆಬ್ಬೆರಳಿನಡಿ ಮುಚ್ಚಿಟ್ಟು ಮುಚ್ಚಿಟ್ಟು. ನರ್ಸು ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು. ಡಾಕ್ಟರು ಅನುವಿನ ಹಳೆ ರಿಪೋರ್ಟು ನೋಡಿ, ಅವಳೊಬ್ಬಳ ಸಹಿ ತಗೊಂಡು ಸೇರಿಸಿಕೊಂಡರು.

ನಾನು ಹೊರಗೆ ಬೆಂಚಿನ ಮೇಲೆ ಕೂತು ಪ್ರಾರ್ಥಿಸಿದೆ. ಮೈಕ್ ಮುಂದೆ ಧಾರಾಳವಾಗಿ ಬರುವ ಮಾತು ಅಲ್ಲಿ ಒಂದೂ ಬರಲಿಲ್ಲ. ಇವಳನ್ನ ಕಾಪಾಡಪ್ಪ ಅಂದೆ, ಮತ್ತೆ ಮತ್ತೆ ಅಷ್ಟೇ. ಆ ಕೂಸಿಗಾಗಿಯೂ ಅತ್ತುಬಿಟ್ಟೆ.

ಪಾಸ್ಟರಿಗೆ ನಾನೇ ಹೋಗಿ ಹೇಳಿದೆ, ಅನುವಿನ ಹೆಸರು ಬಿಟ್ಟು. ಅವರು, "ಕೂಟ ನಡೆಸೋದನ್ನ ಸ್ವಲ್ಪ ದಿನ ಬೇರೆಯವರು ನೋಡ್ಕೊಳ್ಳಲಿ ಸಿಸ್ಟರ್" ಎಂದರು. ಸಿದ್ದೇಶ್‌ಗೂ ಹೇಳಿದೆ; ಅವರಿಗೆ ಮಾತ್ರ ಖುಷಿಯೋ ಖುಷಿ. ಪ್ರಚಾರದ ಕೊನೆಯ ಸಭೆಯಲ್ಲಿ ವೇದಿಕೆ ಹತ್ತಿ ಇದನ್ನೇ ಹೇಳಿ ಎಂದು ದುಂಬಾಲು ಬಿದ್ದರು.

"ಆಗಲ್ಲ. ಅದು ಅವಳ ಜೀವ ರೀ, ನಿಮ್ಮ ಭಾಷಣ ಅಲ್ಲ" ಎಂದೆ. ಅವರಿಗೂ ಬೇಜಾರಾಯಿತು. ಒಂದೇ ವಾರದಲ್ಲಿ ಎರಡೂ ಕಡೆಯವರಿಗೆ ಬೇಡವಾಗಲು ಪ್ರತಿಭೆ ಬೇಕು.

ಸಿದ್ದೇಶ್‌ಗೆ ನೋಟಾಗಿಂತ ಕಡಿಮೆ ಓಟು ಬಂತು. ಗರ್ಭಪಾತ ಪಾಪವಾ ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಹೌದು ಅಂತಲೇ ಶುರು ಮಾಡುತ್ತೇನೆ. ಆಮೇಲಿನ ವಾಕ್ಯ ಮುಗಿಯುವುದಿಲ್ಲ. ಸಭೆಯಲ್ಲಿ ಈಗ ನನ್ನ ಸೇವೆ ಕುರ್ಚಿ ಜೋಡಿಸುವುದು. ಅನು ಆರಾಮಾಗಿದ್ದಾಳೆ, ಸಂಜೆ ಪಾಳಿ ಬಿಟ್ಟು ಹಗಲು ಪಾಳಿಗೆ ಬಂದಿದ್ದಾಳೆ. ಹೋದ ಭಾನುವಾರ ನಾನು ಕುರ್ಚಿ ಎತ್ತುವಾಗ ಅವಳು, "ಬಿಡಿ ಅಕ್ಕ, ಸೊಂಟ ಹಿಡ್ಕೊಳ್ಳುತ್ತೆ" ಎಂದು ದೊಡ್ಡ ಮಗನನ್ನು ಕೂಗಿದಳು.