ವಾಷರ್ ಬದಲಿಸಿದ ಮೇಲೆ

ಎಲ್ಲಿಂದ ಶುರು ಮಾಡಲಿ? ಗುಂಡು ತಗುಲಿದ ಕ್ಷಣದಿಂದ ಶುರು ಮಾಡಿದರೆ ನೀವು ಆಸೆಯಿಂದ ಪುಟ ತಿರುಗಿಸುತ್ತೀರಿ, ಗೊತ್ತು. ಆದರೆ ಆಮೇಲೆ ಶಾಂತಾದೇವಿಯನ್ನು ಬರೀ ತಪ್ಪಿತಸ್ಥಳಾಗಿಯೇ ನೋಡುತ್ತೀರಿ. ಅದು ನನಗೆ ಬೇಡ. (ಮೊದಲ ಡ್ರಾಫ್ಟು ಜಯನಗರದ ವರ್ಣನೆಯಿಂದ ಶುರುವಾಗಿತ್ತು. ಪುಟಗಟ್ಟಲೆ ಮರ, ರಸ್ತೆ, ಬಿಸಿಲು. ಒಂದು ಪಾತ್ರವೂ ಬಾಯಿ ಬಿಡಲಿಲ್ಲ. ಹರಿದು ಹಾಕಿದೆ.)

ಸರಿ, ಕೋತಿಗಳಿಂದ ಶುರು ಮಾಡೋಣ.

೧

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ, ಸಿದ್ದಾಪುರದ ಕಡೆಯ ಅಂಚಿನಲ್ಲಿ, ಸೈಟುಗಳಿಗೆ ಕಲ್ಲು ನೆಟ್ಟಾಗಿತ್ತು. ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ಗಂಡ ಶಂಭುಲಿಂಗಪ್ಪ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದನೆಂದರೆ ಶಾಂತಾದೇವಿಗೆ ಜೊತೆಯಾಗಿ ಉಳಿಯುವುದು ಹೊಲಿಗೆ ಮಿಷನ್ನು ಮತ್ತು ಲಾಲ್‌ಬಾಗಿನ ಕಡೆಯಿಂದ ಬರುವ ಕೋತಿಗಳು. ಅವು ಅವರೆ ಚಪ್ಪರ ಕಿತ್ತವು, ಹಪ್ಪಳ ತಿಂದವು, ಕೊನೆಗೆ ಅಡುಗೆಮನೆ ಕಿಟಕಿಯಲ್ಲಿ ಕೂತು ಅವಳನ್ನೇ ಗದರತೊಡಗಿದವು.

"ಏನಾದ್ರೂ ಮಾಡ್ರೀ" ಎಂದಳು ಗಂಡನಿಗೆ.

ಅವನು ಒಂದು ಗಾಳಿ ಪಿಸ್ತೂಲು ತಂದ. ಅಗ್ಗದ್ದು. ನಳಿಗೆಯ ಕೆಳಗಿನ ಹಿಡಿಯನ್ನು ಎಳೆದು ಒತ್ತಿದರೆ ಸೈಕಲ್ ಪಂಪಿನ ಹಾಗೆ ಒಳಗೆ ಗಾಳಿ ತುಂಬಬೇಕು. ಟ್ರಿಗರಿನ ಕುದುರೆ ಎಳೆದರೆ ಆ ಗಾಳಿ ಸೀಸದ ಗುಂಡನ್ನು ಹೊರಗೆ ತಳ್ಳಬೇಕು. ತಳ್ಳಿತು. ಗುಂಡು ಅಂಗಳದಲ್ಲೇ ಬಿತ್ತು. ಗಂಡುಕೋತಿಯೊಂದು ಇಳಿದು ಬಂದು ಅದನ್ನು ಎತ್ತಿ ಮೂಸಿ ನೋಡಿ ಎಸೆಯಿತು. ಶಂಭುಲಿಂಗಪ್ಪನ ಮುಖ ಸಣ್ಣದಾಯಿತು. ಪಿಸ್ತೂಲು ಅಟ್ಟ ಸೇರಿತು.

೨

ಅದನ್ನು ಅಟ್ಟದಿಂದ ಇಳಿಸಿದ್ದು ಶಾಂತಾದೇವಿ. ಇಲ್ಲಿ ನಾನು ಅವಳಿಗೊಂದು ಕಾರಣ ಕೊಡಲು ಹೋದೆ: ಒಂಟಿತನ, ಮಕ್ಕಳಿಲ್ಲದ ಕೊರಗು, ಹೀಗೇ ಏನೋ.

"ಕೊರಗೂ ಇಲ್ಲ, ಏನೂ ಇಲ್ಲ" ಎಂದಳು. "ಗಾಳಿ ಎಲ್ಲಿ ಸೋರ್ತಿದೆ ಅಂತ ನೋಡ್ಬೇಕಿತ್ತು, ಅಷ್ಟೇ."

(ನನ್ನ ಕಥೆಗಳ ಹೆಂಗಸರು ಸಾಮಾನ್ಯವಾಗಿ ಕೊರಗುತ್ತಾರೆ. ಇವಳ ಜೊತೆ ಏಗುವುದು ಕಷ್ಟವೆಂದು ಆಗಲೇ ಗೊತ್ತಾಯಿತು.)

ಪಂಪನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಒತ್ತಿದಳು. ಗುಳ್ಳೆ ಎದ್ದವು. ಒಳಗಿನ ಚರ್ಮದ ವಾಷರ್ ಒಣಗಿ ಸುರುಟಿತ್ತು. ಗಂಡನ ಹಳೆಯ ಚಪ್ಪಲಿಯ ಚರ್ಮವನ್ನು ಗುಂಡಗೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಹಾಕಿ, ಬಟ್ಟಲಿನ ಆಕಾರಕ್ಕೆ ತಂದು ಕೂರಿಸಿದಳು. ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟಳು. ಹಿಡಿ ಗಿಡ್ಡವಾಗಿತ್ತು, ಒತ್ತಲು ಅವಳ ತೋಳಿನ ಬಲ ಸಾಲದು. ಮುರಿದ ಲಟ್ಟಣಿಗೆಯ ತುಂಡನ್ನು ತಂತಿಯಿಂದ ಬಿಗಿದು ಉದ್ದ ಮಾಡಿದಳು.

ಬೇಲಿಯ ಮುಂದೆ ಗೂಟಕ್ಕೆ ಡಾಲ್ಡಾ ಡಬ್ಬಿ ಕಟ್ಟಿದಳು. ಮೊದಲು ಡಬ್ಬಿ ಬರೀ ನೆಗ್ಗಿತು. ಇನ್ನಷ್ಟು ತಿದ್ದಿದ ಮೇಲೆ ಒಂದು ಮೈ ತೂತಾಗಿ ಗುಂಡು ಒಳಗೇ ಗಲಗಲ ಅಂದಿತು. ಮಧ್ಯಾಹ್ನಗಳು ಹಾಗೇ ಹೋದವು. ಕೋತಿಗಳು ಬರುವುದು ಬಿಟ್ಟು ಎಷ್ಟೋ ದಿನವಾಗಿತ್ತು. ಅವಳು ಬಿಡಲಿಲ್ಲ.

೩

ಒಂದು ಗುರುವಾರ ಅವಳು ಇನ್ನೂ ದಪ್ಪನೆಯ ವಾಷರ್ ಹಾಕಿದಳು. ಪಂಪಿನ ಹಿಡಿ ಕೈಯನ್ನು ಹಿಂದಕ್ಕೆ ತಳ್ಳುವಷ್ಟು ಗಾಳಿ ತುಂಬಿದಳು. ಕುದುರೆ ಎಳೆದಳು.

ಡಬ್ಬಿ ಅಲುಗಲೇ ಇಲ್ಲ. ಗುರಿ ತಪ್ಪಿತೆಂದುಕೊಂಡಳು. ಅಷ್ಟರಲ್ಲಿ ಬೇಲಿಯಾಚೆ ಪಾತ್ರೆ ಬಿದ್ದ ಸದ್ದು.

ಹತ್ತಿರ ಹೋಗಿ ನೋಡಿದರೆ ಡಬ್ಬಿಯ ಎರಡೂ ಮೈಯಲ್ಲಿ ತೂತು. ಬೇಲಿ ಸರಿಸಿ ಇಣುಕಿದಳು. ಯಾರೂ ಇರಲಿಲ್ಲ. ಮಣ್ಣಿನಲ್ಲಿ ಚೆಲ್ಲಿದ ಹಾಲು ಇಂಗುತ್ತಿತ್ತು, ಪಕ್ಕದಲ್ಲಿ ಒಂದೆರಡು ಹನಿ ರಕ್ತ.

ಆ ದಾರಿಯಲ್ಲಿ ಬೆಳಿಗ್ಗೆಯೂ ಮಧ್ಯಾಹ್ನವೂ ಹಾಲು ತರುತ್ತಿದ್ದವಳು ಒಬ್ಬಳೇ, ಸಿದ್ದಾಪುರದ ಮುನಿಲಕ್ಷ್ಮಮ್ಮ. ಬಡಾವಣೆ ಆಗುವ ಮೊದಲು ಈ ಸೈಟುಗಳೆಲ್ಲ ಅವಳ ಗಂಡ ಚಿಕ್ಕಬೈರಪ್ಪನ ರಾಗಿ ಹೊಲ.

ರಾತ್ರಿ ಊಟಕ್ಕೆ ಶಾಂತಾದೇವಿ ಸಾರಿನ ಬದಲು ಮಜ್ಜಿಗೆಯನ್ನೇ ಎರಡು ಸಲ ಬಡಿಸಿದಳು. "ಹುಷಾರಿಲ್ವಾ?" ಎಂದ ಶಂಭುಲಿಂಗಪ್ಪ. "ಸೆಕೆ" ಎಂದಳು. ಬೆಳಿಗ್ಗೆ ಹಾಲು ಬರಲಿಲ್ಲ.

೪

ಪಿಸ್ತೂಲನ್ನು ಬಾವಿಗೆ ಹಾಕು ಎಂದು ನಾನೇ ಹೇಳಿದೆ. ಯಾರೂ ನೋಡಿಲ್ಲ, ಮೌನದ ಮೇಲೆ ಒಳ್ಳೆಯ ಕಥೆಯಾಗುತ್ತದೆ.

"ಆ ನೀರು ನೀವು ಕುಡೀತೀರಾ?" ಎಂದಳು.

ಅಷ್ಟರಲ್ಲಿ ಎದುರಿನ ಅರ್ಧ ಕಟ್ಟಿದ ಮನೆಯ ಕಾವಲುಗಾರ ಬೈರಣ್ಣನ ಹೆಂಡತಿ ಏದುಸಿರು ಬಿಡುತ್ತ ಬಂದಳು. ಬೈರಣ್ಣನ ಬಳಿ ಕೋತಿ ಓಡಿಸುವ ಚಾಟರಬಿಲ್ಲು ಇತ್ತು. ಮುನಿಲಕ್ಷ್ಮಮ್ಮನಿಗೆ ಕಲ್ಲು ಹೊಡೆದವನು ಅವನೇ ಎಂದು ಚಿಕ್ಕಬೈರಪ್ಪ ಅವನನ್ನು ಎಳೆದೊಯ್ದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದಾನೆ.

"ಹೊಡೆದು ಸಾಯಿಸಿಬಿಡ್ತಾರೆ ಅಮ್ಮಾವ್ರೇ. ಯಜಮಾನ್ರಿಗೆ ಹೇಳ್ಕಳ್ಸಿ."

ಯಜಮಾನರು ಕಾರ್ಖಾನೆಯಲ್ಲಿದ್ದರು. ಶಾಂತಾದೇವಿ ಪಿಸ್ತೂಲನ್ನೂ ಗುಂಡಿನ ಪೊಟ್ಟಣವನ್ನೂ ಸೆರಗಿನಡಿ ಹಿಡಿದು ಹೊರಟಳು. (ದಾರಿಯಲ್ಲಿ ಅವಳು ತನ್ನ ಮನಸ್ಸಿನೊಡನೆ ನಡೆಸಿದ ಸಂಭಾಷಣೆ ಬರೆದಿದ್ದೆ. ಚೆನ್ನಾಗಿಯೇ ಇತ್ತು. ಅವಳು ಓಡುತ್ತಿದ್ದಳು, ಹಾಗಾಗಿ ಹೊಡೆದುಹಾಕಿದೆ.)

೫

ಬೈರಣ್ಣನ ತುಟಿ ಒಡೆದಿತ್ತು. ಚಿಕ್ಕಬೈರಪ್ಪನ ಕೈಯಲ್ಲಿ ಬಾರುಗೋಲಿತ್ತು. ಸುತ್ತ ನಿಂತಿದ್ದವರು ದಾರಿ ಬಿಟ್ಟರು.

"ಅವನನ್ನ ಬಿಡಿ" ಎಂದಳು. "ಹೊಡೆದಿದ್ದು ನಾನು."

ಚಿಕ್ಕಬೈರಪ್ಪ ಅವಳನ್ನೂ ಪಿಸ್ತೂಲನ್ನೂ ನೋಡಿದ. "ನೀವಾ?"

"ಡಬ್ಬಿಗೆ ಹೊಡೆದೆ. ಆಚೆ ಹೋಯ್ತು. ಬೇಲಿ ಹಿಂದೆ ಅವ್ರಿದ್ದಿದ್ದು ಗೊತ್ತಿರಲಿಲ್ಲ."

"ಹೊಲ ತಗಂಡ್ರಿ" ಎಂದ ಅವನು, ಮೆಲ್ಲಗೆ. "ಈಗ ಕೋವಿ ಬ್ಯಾರೆ ತಂದಿದೀರಿ." ಬಾರುಗೋಲು ಅವನ ಕೈಯಲ್ಲಿ ಅಲುಗಿತು. ಶಾಂತಾದೇವಿ ಹಿಂದೆ ಸರಿಯಲಿಲ್ಲ.

"ಅವನ ಕಟ್ಟು ಬಿಚ್ಚು" ಎಂಬ ದನಿ ಮನೆಯೊಳಗಿನಿಂದ ಬಂತು. ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು, ತೋಳಿಗೆ ಅರಿಶಿನ ಮೆತ್ತಿದ ಬಟ್ಟೆ. "ನೀವು ಒಳೀಕ್ ಬನ್ನಿ ಅಮ್ಮಾವ್ರೇ."

ಒಳಗೆ ಮುನಿಲಕ್ಷ್ಮಮ್ಮ ಎಲೆಅಡಿಕೆ ಚೀಲದಿಂದ ಚಪ್ಪಟೆಯಾದ ಸೀಸದ ಗುಂಡು ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ಸೂಜಿಯಿಂದ ತಾನೇ ಕೆದಕಿ ತೆಗೆದಿದ್ದಳು.

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಬತ್ತೀರೋ ಇಲ್ವೋ ನೋಡಾನ ಅಂತ ಸುಮ್ಕಿದ್ದೆ."

"ಬೈರಣ್ಣನ್ನ ಹೊಡೀತಾ ಇದ್ರಲ್ಲ?"

ಮುನಿಲಕ್ಷ್ಮಮ್ಮ ಗುಂಡನ್ನು ಮತ್ತೆ ಚೀಲಕ್ಕೆ ಹಾಕಿದಳು. "ಅದು ನನ್ನ ತಪ್ಪು" ಎಂದಳು. "ಇನ್ನೊಂದು ಗಳಿಗೆ ನೋಡಿ ಹೇಳ್ತಿದ್ದೆ. ಹೇಳ್ತಿದ್ನೋ ಏನೋ."

ಶಾಂತಾದೇವಿ ಕೇಳಿದಳು: "ಬೇಲಿ ಹಿಂದೆ ಯಾಕೆ ನಿಂತಿದ್ರಿ?"

"ದಿನಾ ನಿಂತ್ಕತಿದ್ದೆ. ಟುಸ್ ಟುಸ್ ಅಂತ ಸದ್ದು ಬರ್ತಿತ್ತಲ್ಲ. ನೀವು ಅದನ್ನ ಬಿಚ್ಚೋದು, ಕಟ್ಟೋದು, ತಿರುಗ ಹೊಡೆಯೋದು. ನಂಗೂ ಒಂದು ಕಿತ ಹೊಡೀಬೇಕು ಅನ್ನಿಸ್ತಿತ್ತು. ಹೆಂಗ್ ಕೇಳೋದು?" ಗಾಯವಿಲ್ಲದ ಕೈಯನ್ನು ಚಾಚಿದಳು. "ಕೊಡಿ."

ಶಾಂತಾದೇವಿ ಕೊಟ್ಟಳು.

"ಗಾಳಿ ತುಂಬಿ. ನನ್ನ ಕೈಲಾಗಲ್ಲ."

ಶಾಂತಾದೇವಿ ತುಂಬಿದಳು, ನಿನ್ನೆ ತುಂಬಿದಷ್ಟೇ. ಗುಂಡು ಹಾಕಿ ಮತ್ತೆ ಅವಳ ಕೈಗಿಟ್ಟಳು.

"ಈಗ ಆ ಗೋಡೆ ತಾವ ನಿಂತ್ಕಳಿ."

ಶಾಂತಾದೇವಿ ಹೋಗಿ ನಿಂತಳು.

೬

ಎರಡು ಮುಕ್ತಾಯ ಬರೆದಿಟ್ಟುಕೊಂಡೇ ಬಂದಿದ್ದೆ. ಒಂದರಲ್ಲಿ ಮುನಿಲಕ್ಷ್ಮಮ್ಮ ಗೋಡೆಗೆ ಒಟ್ಟಿದ ಬೆರಣಿಗೆ ಹೊಡೆಯುತ್ತಾಳೆ, ಇಬ್ಬರೂ ನಗುತ್ತಾರೆ. (ಸಕ್ಕರೆ ಜಾಸ್ತಿ.) ಇನ್ನೊಂದರಲ್ಲಿ ತೋಳಿಗೆ ತೋಳು, ಲೆಕ್ಕ ಚುಕ್ತಾ. (ಇದು ಪಂಚಾಯಿತಿ ತೀರ್ಪಾಯಿತು.) ಯಾವುದಿರಲಿ ಎಂದು ಮುನಿಲಕ್ಷ್ಮಮ್ಮನನ್ನೇ ಕೇಳಿದೆ.

ಅವಳು ನನ್ನನ್ನು ಆಗಷ್ಟೇ ಗಮನಿಸಿದಳು. "ನೀವ್ಯಾರು ಸಾಮಿ? ಹೆಂಗಸರಿರೋ ಕಡೆ ಏನು ಕೆಲಸ? ಆಚೆ ನಡೀರಿ."

ನಾನು ಶಾಂತಾದೇವಿಯ ಮುಖ ನೋಡಿದೆ. ಅವಳ ಹಣೆಯ ಮೇಲೆ ಬೆವರಿತ್ತು. "ಹೋಗಿ ಸಾರ್" ಎಂದಳು. "ನಾನೇ ಬಂದಿದೀನಿ."

ಹೊರಗೆ ಬಂದೆ. ಹಿಂದೆ ಅಗುಳಿ ಬಿತ್ತು. ಬೈರಣ್ಣ ಹೆಂಡತಿಯ ಹೆಗಲು ಹಿಡಿದು ಮನೆಗೆ ಹೋಗುತ್ತಿದ್ದ. ಚಿಕ್ಕಬೈರಪ್ಪ ಜಗಲಿಯಲ್ಲಿ ಕೂತಿದ್ದ.

"ಒಳಗೆ ಏನ್ ನಡೀತೈತೆ?"

"ಗೊತ್ತಿಲ್ಲ."

"ಬರೆಯೋರು ನೀವೇ ಅಲ್ವಾ?"

"ಹೌದು."

ಬತ್ತಿದ ಎಮ್ಮೆಯನ್ನು ನೋಡುವ ಹಾಗೆ ನನ್ನನ್ನು ನೋಡಿದ. ಆಮೇಲೆ ಸರಿದು ಜಾಗ ಕೊಟ್ಟು, ಒಂದು ಬೀಡಿ ಕೊಟ್ಟ. ಕಡ್ಡಿ ಅವನ ಕೈಯಲ್ಲೇ ಇತ್ತು. ಗೀರಿದರೆ ಒಳಗಿನ ಸದ್ದು ಕೇಳಿಸದೆ ಹೋದೀತೆಂದು ಅವನೂ ಗೀರಲಿಲ್ಲ, ನಾನೂ ಬೆಂಕಿ ಕೇಳಲಿಲ್ಲ.