ಒಂದು ಕಲ್ಲು, ಮೂರು ಸೇತುವೆ

ಇಳಕಲ್ಲಿನ ಅಮೀನಪ್ಪನ ಉಳಿಗೆ ದೊಡ್ಡವರು ಸಣ್ಣವರು ಎಂಬ ಭೇದವಿರಲಿಲ್ಲ. ಮಂತ್ರಿಯ ಹೆಸರಿಗೂ ಅಷ್ಟೇ ಆಳ, ಗುಡಿಗೆ ಒಂದು ಫ್ಯಾನು ಕೊಟ್ಟವನ ಹೆಸರಿಗೂ ಅಷ್ಟೇ ಆಳ. ಬರೆದುಕೊಟ್ಟ ಚೀಟಿಯಲ್ಲಿ ಕಾಗುಣಿತ ತಪ್ಪಿದ್ದರೆ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ತಿದ್ದಿಸುವ ಗತ್ತು ಬೇರೆ. ಹುನಗುಂದ ರಸ್ತೆಯಲ್ಲಿ ಅವನ ಮನೆ, ಮುಂದೆ ತಗಡಿನ ಚಪ್ಪರ, ಚಪ್ಪರದಡಿ ಕೆಂಪು ಗ್ರಾನೈಟ್ ಕಲ್ಲುಗಳು. ಒಳಗೆ ಹೆಂಡತಿ ಲಕ್ಕವ್ವನ ಸೀರೆಯ ಮಗ್ಗ. ಹೊರಗೆ ಅವನ ಸುತ್ತಿಗೆಯ ಸದ್ದು, ಒಳಗೆ ಅವಳ ಮಗ್ಗದ ಸದ್ದು. ಮೂವತ್ತು ವರ್ಷದಿಂದ ಗಂಡ ಹೆಂಡತಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತೆ ಬಹಳ ಸುಖವಾಗಿ ಬಾಳುತ್ತಿದ್ದರು.

ಇಂಥ ಅಮೀನಪ್ಪನ ಹೊಟ್ಟೆಯೊಳಗೆ ಒಂದು ಕಳ್ಳತನ ಬೆಚ್ಚಗೆ ಕೂತಿತ್ತು.

ಊರಿನಿಂದ ಎರಡು ಹರದಾರಿಯಾಚೆ ಒಂದು ಹಳ್ಳ. ಹಳ್ಳದ ಆಚೆ ದಡದಲ್ಲಿ ಗುಂಡನಕೊಪ್ಪ, ಲಕ್ಕವ್ವನ ತವರೂರು. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಮಳೆಗಾಲದಲ್ಲಿ ಸುತ್ತು ಹೊಡೆದು ಹೋಗಬೇಕು, ಅದೂ ಬಸ್ಸಿನವನಿಗೆ ಮನಸ್ಸಿದ್ದರೆ. ಹನ್ನೊಂದು ವರ್ಷದ ಹಿಂದೆ ಅಲ್ಲಿ ಸೇತುವೆಗೆ ಅಡಿಗಲ್ಲು ಬಿತ್ತು. ಕಲ್ಲು ಕೆತ್ತಿದವನು ಅಮೀನಪ್ಪನೇ. ಆಗಿನ ಶಾಸಕರ ಹೆಸರು, ತಾರೀಕು, ಅಂದಾಜು ಮೊತ್ತ ನಲವತ್ತು ಲಕ್ಷ. ಹೆಂಡತಿಯ ತವರಿಗೆ ಸೇತುವೆಯಾಗುತ್ತದೆಂದು ಆ ಅಕ್ಷರಗಳಿಗೆ ಅವನು ಒಂದು ನೂಲು ಹೆಚ್ಚೇ ಆಳ ಕೊಟ್ಟಿದ್ದ.

ಸೇತುವೆ ಬರಲಿಲ್ಲ, ಚುನಾವಣೆ ಬಂತು. ಶಾಸಕರು ಸೋತರು, ಬೇರೆಯವರು ಗೆದ್ದರು. ಗೆದ್ದವರು ತಾವೂ ಒಂದು ಅಡಿಗಲ್ಲು ಹಾಕಬೇಕೆಂದರು. ಆಗ ಗುತ್ತಿಗೆದಾರ ಯುವರಾಜ ಹಳ್ಳದ ದಂಡೆಯಿಂದ ಹಳೆಯ ಕಲ್ಲನ್ನೇ ಎಬ್ಬಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ಬೆನ್ನ ಕಡೆ ಖಾಲಿ ಇತ್ತಲ್ಲ, ಅಮೀನಪ್ಪ ಅದನ್ನು ಪಾಲಿಶ್ ಮಾಡಿ ಹೊಸ ಹೆಸರು ಕೆತ್ತಿದ. ಮೊತ್ತ ತೊಂಬತ್ತೈದು ಲಕ್ಷ ಆಯಿತು. ಹಳೆಯ ಮುಖವನ್ನು ಗೋಡೆಗೆ ಒರಗಿಸಿ ಸಿಮೆಂಟು ಮೆತ್ತಿದರು. ಬಿಲ್ಲು ಮಾತ್ರ ಹೊಸ ಕಲ್ಲಿನದು. ಆ ಬಿಲ್ಲಿಗೆ ಸಹಿ ಹಾಕಿದ್ದಕ್ಕೆ ಅಮೀನಪ್ಪನ ಜೇಬಿಗೂ ಒಂದಿಷ್ಟು ಬಿತ್ತು. ತೆಗೆದುಕೊಳ್ಳುವಾಗ ಬೇಡವೆಂದದ್ದು ನಿಜ, ಆದರೆ ಬೇಡವೆನ್ನುತ್ತಲೇ ಜೇಬಿಗೆ ಹಾಕಿಕೊಂಡದ್ದೂ ಅಷ್ಟೇ ನಿಜ.

ಮತ್ತೆ ಚುನಾವಣೆ ಆಯಿತು. ಮೊದಲು ಸೋತವರೇ ಈ ಸಲ ಗೆದ್ದು ಬಂದರು. ಅವರ ಹಿಂದೆಯೇ ಯುವರಾಜನ ಟ್ರ್ಯಾಕ್ಟರೂ ಕಾರೂ ಬಂದವು.

"ಕಾಕಾ, ನಿಮ್ಮ ಕಲ್ಲು ಮತ್ತ ತವರಮನಿಗೆ ಬಂತು ನೋಡ್ರಿ," ಎಂದ ಯುವರಾಜ.

ಅಮೀನಪ್ಪ ಕಲ್ಲಿನ ಸುತ್ತ ಒಂದು ಸುತ್ತು ಹಾಕಿದ. "ಈ ಸಲನಾರ ಹೊಸಾದು ತರಬೇಕಿತ್ತಲ್ರಿ ಸಾಹುಕಾರ್ರ. ಎರಡೂ ಮಗ್ಗಲಾ ತುಂಬ್ಯಾವು."

"ಹಳೇ ಮಗ್ಗಲಾ ಉಜ್ಜಿ ಒಗೀರಿ. ಕಲ್ಲಿಗೇನು ನೆನಪಿರತೈತಿ? ಬಿಲ್ ಹೊಸ ಕಲ್ಲಿಂದು, ನಿಮ್ಮ ಪಾಲು ನಿಮಗ. ಮತ್ತ ಇನ್ನೊಂದು ಮಾತು. ಈ ಸಲ ಎಲ್ಲಾ ಪಾರದರ್ಶಕ ಇರಬೇಕು ಅಂತ ಸಾಹೇಬ್ರು ಹೇಳ್ಯಾರ. ಮೊತ್ತ ದಪ್ಪ ಅಕ್ಷರದಾಗ ಬರೀರಿ. ಎರಡು ಕೋಟಿ ಹತ್ತು ಲಕ್ಷ."

"ಪಾರದರ್ಶಕ ಅಂದ್ರ ಆಚಿದು ಈಚಿಗೆ ಕಾಣಬೇಕ್ರಿ. ಇದು ಗ್ರಾನೈಟ್ ಐತಲ್ಲ."

"ಅದಕ್ಕ ಗ್ವಾಡಿಗೆ ಹಚ್ಚಿ ಸಿಮೆಂಟ್ ಮೆತ್ರಿ ಅನ್ನೂದು," ಎಂದು ಯುವರಾಜ ನಕ್ಕು ಕಾರು ಹತ್ತಿದ.

ಕಾರಿನ ಧೂಳು ಅಡಗುವ ಮೊದಲೇ ಲಕ್ಕವ್ವ ಮಗ್ಗದಿಂದ ಎದ್ದು ಬಂದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕಲ್ಲನ್ನು ನೋಡಿದಳು. "ನಮ್ಮ ಹಳ್ಳದ್ದೇನ್ರಿ? ಹೊಸ ಕಲ್ಲೇನು?"

"ಹೂಂ, ಹೊಸಾದು," ಎಂದ ಅಮೀನಪ್ಪ. ಹೇಳುವಾಗ ಅವಳ ಮುಖ ನೋಡದೆ ಉಳಿಯ ಮೊನೆ ನೋಡಿದ.

"ಭಾಳ ಚಲೋ ಆತು. ಈ ಸಲ ನಮ್ಮೂರ ಹೆಣ್ಣಮಕ್ಕಳನ್ನೆಲ್ಲಾ ಕರಕೊಂಡು ಬರ್ತೇನಿ. ಆರತಿ ತರ್ತೇವಿ, ಬೆಲ್ಲದ ಮಾದಲಿ ಮಾಡ್ತೇವಿ. ನನ್ನ ಗಂಡ ಕೆತ್ತಿದ ಕಲ್ಲು ಅಂತ ಎಲ್ಲಾರಿಗೂ ತೋರಸ್ತೇನಿ."

ಅಮೀನಪ್ಪನ ಕೈಯಿಂದ ಉಳಿ ಜಾರಿ ಕಾಲ ಮೇಲೆ ಬಿತ್ತು.

ಕಾಲಿಗಿಂತ ಹೆಚ್ಚು ನೋವಾದದ್ದು ಬೇರೆ ಕಡೆ. ಹೋದ ಶ್ರಾವಣದಲ್ಲಿ ಲಕ್ಕವ್ವನ ತಮ್ಮನ ಮಗಳಿಗೆ ಕುಬಸದ ಕಾರ್ಯವಿತ್ತು. ಬಸುರಿ ಹುಡುಗಿಗೆಂದು ಲಕ್ಕವ್ವ ಇಪ್ಪತ್ತು ದಿನ ಕೂತು ಹಸಿರು ಸೀರೆ ನೇಯ್ದಿದ್ದಳು. ಅಂದು ಹಳ್ಳ ತುಂಬಿ ಹರಿಯುತ್ತಿತ್ತು, ಬಸ್ಸೂ ಇಲ್ಲ. ಅವಳು ಈ ದಂಡೆಯಲ್ಲಿ ಸೀರೆ ಹಿಡಿದು ನಿಂತಳು, ಅವರು ಬಸುರಿಯನ್ನು ಕರೆತಂದು ಆ ದಂಡೆಯಲ್ಲಿ ನಿಲ್ಲಿಸಿದರು. ಈಚೆಯಿಂದ ಇವಳು ಒಂದು ಸಾಲು ಹಾಡಿದರೆ ಆಚೆಯಿಂದ ಅವರು ಒಂದು ಸಾಲು ಹಾಡಿದರು. ನೀರಿನ ಸದ್ದಿಗೆ ಅದು ಹಾಡೋ ಕೂಗಾಟವೋ ತಿಳಿಯಲಿಲ್ಲ. ಸೀರೆ ತಲುಪಿದ್ದು ಮೂರನೇ ದಿನ. ಅಷ್ಟು ಹೊತ್ತೂ ಅಮೀನಪ್ಪ ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದ, ಅವನ ಪಕ್ಕದಲ್ಲಿ ಅವನ ಕಲ್ಲು ನಿಂತಿತ್ತು. ತೊಂಬತ್ತೈದು ಲಕ್ಷದ ಸೇತುವೆಯ ಕಲ್ಲು.

ಮರುದಿನ ಮಷೀನು ಹಚ್ಚಿ ಹಳೆಯ ಮುಖವನ್ನು ಉಜ್ಜಿದ. ಕೆಂಪು ಧೂಳು ಮೂಗಿಗೆ ಹೊಕ್ಕಿತು. ನಲವತ್ತು ಲಕ್ಷ ಅಳಿದ ಜಾಗದಲ್ಲಿ ಎರಡು ಕೋಟಿ ಹತ್ತು ಲಕ್ಷ ಕೆತ್ತಿದ. ಹಳ್ಳದೊಳಗೆ ಒಂದು ಬುಟ್ಟಿ ಉಸುಕು ಬೀಳದೆ ಸೇತುವೆ ಮಾತ್ರ ಕಲ್ಲಿನ ಮೇಲೆ ಹೀಗೆ ಬೆಳೆಯುತ್ತಾ ಬಂದಿತ್ತು. ಬೆಳೆಸಿದವನು ತಾನೇ. ಯುವರಾಜನನ್ನು ಬೈಯೋಣವೆಂದರೆ ಸಹಿ ತನ್ನದು, ಶಾಸಕರನ್ನು ಬೈಯೋಣವೆಂದರೆ ಅಕ್ಷರವೂ ತನ್ನದು. ಇದನ್ನೆಲ್ಲ ಲಕ್ಕವ್ವನ ಮುಂದೆ ಹೇಳಿಬಿಡೋಣವೆಂದು ಎರಡು ಸಲ ಮಗ್ಗದ ಹತ್ತಿರ ಹೋದ. ಒಂದು ಸಲ ನೀರು ಕೇಳಿ ಬಂದ, ಇನ್ನೊಂದು ಸಲ ಚಹಾ ಕೇಳಿ ಬಂದ. ಅವಳು ಎದುರಿಗಿದ್ದರೆ ನಾಲಿಗೆ ಏಳುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಕೆತ್ತುವುದು ಒಂದೇ.

ಹಾಗೆಂದೇ ಕಲ್ಲನ್ನು ಮಗ್ಗುಲು ತಿರುಗಿಸಿದ. ಬೆನ್ನಿನ ಮೇಲೆ ಎರಡನೆಯ ಶಾಸಕರ ಹೆಸರು, ಅವರ ತೊಂಬತ್ತೈದು ಲಕ್ಷ ಹಾಗೇ ಇದ್ದವು. ಕೆಳಗೆ ಒಂದು ಗೇಣು ಜಾಗ ಖಾಲಿ. ತನ್ನ ಹಳೆಯ ವಹಿ ತೆಗೆದು, ಉಜ್ಜಿ ಅಳಿಸಿದ ಮೊದಲ ಬರಹವನ್ನು ಹುಡುಕಿ, ಒಂದಕ್ಷರ ಬಿಡದೆ ಸಣ್ಣದಾಗಿ ಅಲ್ಲಿ ಮತ್ತೆ ಕೆತ್ತಿದ. ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿದ: "ಕಲ್ಲು ಒಂದೇ, ಬಿಲ್ಲು ಮೂರು. ಕೆತ್ತಿದವ, ಸಹಿ ಹಾಕಿದವ ಅಮೀನಪ್ಪ." ಇನ್ನು ಯುವರಾಜ ಒಂದು ಕೆಲಸವನ್ನೂ ಕೊಡುವುದಿಲ್ಲ ಎಂಬುದು ಗೊತ್ತಿತ್ತು. ಕೋರ್ಟು ಕಚೇರಿ ಅಂದರೂ ಅನ್ನಬಹುದು. ಆದರೂ ಆ ದಿನ ರೊಟ್ಟಿ ಎರಡು ಹೆಚ್ಚೇ ತಿಂದ.

ಕಾರ್ಯಕ್ರಮದ ದಿನ ಹಳ್ಳದ ದಂಡೆಯಲ್ಲಿ ಶಾಮಿಯಾನ, ಕುರ್ಚಿ, ಮೈಕು. ಯುವರಾಜ ಬಂದವನೇ ಕಣ್ಣು ಕೆಕ್ಕರಿಸಿದ. ಕಲ್ಲು ಗೋಡೆಗೆ ಒರಗಿರಲಿಲ್ಲ. ಎರಡು ಕಲ್ಲುಕಂಬಗಳ ನಡುವೆ ನೆಟ್ಟಗೆ ನಿಂತಿತ್ತು. ಮೇಲಿನಿಂದ ಇಳಿಬಿಟ್ಟ ಒಂದೇ ಉದ್ದನೆಯ ಕೆಂಪು ಬಟ್ಟೆ ಹಿಂದು ಮುಂದು ಎರಡನ್ನೂ ಮುಚ್ಚಿತ್ತು.

"ಗ್ವಾಡಿ ಎಲ್ಲೈತಿ ಕಾಕಾ?"

"ಹಸಿ ಗ್ವಾಡಿಗೆ ಒರಗಿಸಿದ್ರ ವಾಲತೈತ್ರಿ. ಕಂಬ ಭದ್ರ."

ಯುವರಾಜ ಇನ್ನೇನೋ ಹೇಳುವಷ್ಟರಲ್ಲಿ ಶಾಸಕರ ಕಾರಿನ ಹಾರ್ನು ಕೇಳಿತು. ಅವನು ಹಾರ ಹುಡುಕಲು ಓಡಿದ.

ಲಕ್ಕವ್ವ ಮಾತು ಕೊಟ್ಟಂತೆ ಗುಂಡನಕೊಪ್ಪದ ಹೆಂಗಸರ ದಂಡನ್ನೇ ತಂದಿದ್ದಳು. ಮುಂದೆ ಕುರ್ಚಿಗಳಿದ್ದರೂ ಅವಳು ಅವರನ್ನೆಲ್ಲ ಕಲ್ಲಿನ ಹಿಂದಿನ ಬೇವಿನ ಗಿಡದ ಕೆಳಗೆ ಕೂರಿಸಿದಳು. "ಇಲ್ಲೇ ನೆಳ್ಳು ಐತಿ, ಇಲ್ಲೇ ಕುಂದರ್ರಿ," ಎಂದಳು. ಅಮೀನಪ್ಪ ಉಳಿ ಸುತ್ತಿಗೆಯ ಚೀಲ ಬಗಲಿಗೆ ಹಾಕಿಕೊಂಡು ಕಂಬದ ಪಕ್ಕ ನಿಂತ.

ಶಾಸಕರು ಪಾರದರ್ಶಕತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ದಾರ ಎಳೆದರು. ಬಟ್ಟೆ ಪೂರ್ತಿ ಕೆಳಗೆ ಬಿತ್ತು. ಮುಂದೆ ಕೂತವರು ಚಪ್ಪಾಳೆ ತಟ್ಟಿದರು. ಹಿಂದೆ ಕೂತವರಲ್ಲಿ ಒಬ್ಬರೂ ತಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಒಂದು ದೊಡ್ಡ ದನಿ ಎದ್ದಿತು. ಅದು ಲಕ್ಕವ್ವನ ಚಿಗವ್ವ ದುರಗವ್ವನದು. ಎಪ್ಪತ್ತು ದಾಟಿದರೂ ಮೈಕು ಬೇಡದ ಗಂಟಲು.

"ಸಾಹೇಬ್ರ, ಈ ಕಡಿನೂ ಒಂದು ಸೇತುವಿ ಐತ್ರಿ! ತೊಂಬತ್ತೈದು ಲಕ್ಷದ್ದು!"

ಶಾಸಕರು ಕುತೂಹಲದಿಂದ ಹಿಂದಕ್ಕೆ ಬಂದರು. ಅವರ ಹಿಂದೆ ಜನ, ಜನರ ಕೈಯಲ್ಲಿ ಮೊಬೈಲು. ಎದುರಾಳಿಯ ಹೆಸರು ಕಂಡದ್ದೇ ಅವರ ಮುಖ ಅರಳಿತು. "ನೋಡ್ರಿ, ನೋಡ್ರಿ! ಅವರ ಕಾಲದಾಗ ಕೆಲಸ ಹೆಂಗ ಆಗ್ಯಾವು ಅಂತ ಎಲ್ಲಾರೂ ವಿಡಿಯೋ ಮಾಡ್ಕೋರಿ!" ಎಂದು ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದರು. ಕೆಳಗಿನ ಸಣ್ಣ ಅಕ್ಷರಗಳಿಗೆ ಬಂದಾಗ ಬೆರಳು ನಿಂತಿತು. ಅಲ್ಲಿದ್ದದ್ದು ಹನ್ನೊಂದು ವರ್ಷದ ಹಿಂದಿನ ತಾರೀಕು, ನಲವತ್ತು ಲಕ್ಷ, ಮತ್ತು ಅವರದೇ ಹೆಸರು.

ನಗು ಅರ್ಧಕ್ಕೇ ನಿಂತಿತು. "ಯಾಂವ ಕೆತ್ತ್ಯಾನ ಇದನ್ನ?"

"ನಾನೇರಿ," ಎಂದ ಅಮೀನಪ್ಪ. ದನಿ ಸಣ್ಣಗಿತ್ತು, ಕೆಮ್ಮಿ ಮತ್ತೆ ಹೇಳಿದ. "ನಾನೇರಿ. ಒಂದೇ ಕಲ್ಲು ತಿರುವಿ ಮುರುವಿ ಕೆತ್ತೇನಿ. ಹೊಸಾದು ಅಂತ ಬಿಲ್ಲಿಗೆ ಸಹಿ ಮಾಡೇನಿ, ರೊಕ್ಕಾನೂ ತಿಂದೇನಿ. ಯಾರಿಗೆ ತಿರುಗಿ ಕೊಡಬೇಕು ಹೇಳ್ರಿ, ಕೊಡ್ತೇನಿ. ಆದ್ರ ಇದನ್ನ ಇನ್ನ ಯಾರು ತಂದ್ರೂ ನಾ ಉಜ್ಜಂಗಿಲ್ರಿ."

ಯುವರಾಜ ಶಾಮಿಯಾನದ ಕಂಬದ ಹಿಂದೆ ಸರಿದು ತುಂಬ ಅವಸರದ ಫೋನು ಬಂದವನಂತೆ ಮಾತಾಡತೊಡಗಿದ. ಶಾಸಕರು ಸುತ್ತ ನೋಡಿದರು. ಎಲ್ಲಿ ನೋಡಿದರೂ ಮೊಬೈಲು. ಅನುಭವಸ್ಥ ಮನುಷ್ಯ, ಕ್ಷಣದಲ್ಲಿ ನಗು ಮರಳಿ ತಂದುಕೊಂಡರು. "ಅಕ್ಕಾರ, ಆದದ್ದು ಆಗಿ ಹೋತು. ಈ ಸಲ ಬರೂ ಸಂಕ್ರಾಂತಿಯೊಳಗ ಸೇತುವಿ ಮುಗಿಸೇ ಮುಗಿಸ್ತೇನಿ. ಇದು ನನ್ನ ಮಾತು."

"ಬಾಯಿಲೆ ಯಾಕ ಹೇಳ್ತೀರಿ ಸಾಹೇಬ್ರ," ಎಂದಳು ದುರಗವ್ವ. "ಅಳಿಯ ಇಲ್ಲೇ ಅದಾನ, ಬಗಲಾಗ ಉಳಿ ಐತಿ. ಮುಂದಿನ ಮಗ್ಗಲದಾಗ ನಿಮ್ಮ ಹೆಸರಿನ ಬುಡಕ ತಾರೀಕು ಕೆತ್ತಿಸ್ರಿ. ಅಲ್ಲೀತನಾ ನಾವು ಮಾದಲಿ ತಿಂತೇವಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಶಾಸಕರೂ ನಗಲೇಬೇಕಾಯಿತು. "ಕೆತ್ತಪಾ ಅಮೀನಪ್ಪ," ಎಂದರು. ಅವನು ಮಂಡಿಯೂರಿ ಕೂತು ಅವರ ಹೆಸರಿನ ಕೆಳಗೆ ಸಂಕ್ರಾಂತಿಯ ತಾರೀಕು ಕೆತ್ತಿದ. ಒಂದು ತಾಸು ಹಿಡಿಯಿತು. ಶಾಸಕರು ಅಷ್ಟೂ ಹೊತ್ತು ಬಿಸಿಲಲ್ಲಿ ನಿಂತು ಮೊಬೈಲುಗಳ ಕಡೆ ನಗುತ್ತಿದ್ದರು, ದುರಗವ್ವ ಅವರ ಕೈಗೆ ಒಂದು ತಟ್ಟೆ ಮಾದಲಿ ಕೊಟ್ಟಳು.

ಸೇತುವೆ ಸಂಕ್ರಾಂತಿಗೆ ಮುಗಿಯಲಿಲ್ಲ. ಶಿವರಾತ್ರಿಗೆ ಮುಗಿಯಿತು. ನಡುವಿನ ಒಂದೊಂದು ವಾರವೂ ಗುಂಡನಕೊಪ್ಪದ ಹೆಂಗಸರು ಆ ತಾರೀಕಿನ ಫೋಟೋ ತೆಗೆದು ಶಾಸಕರ ನಂಬರಿಗೆ ಕಳಿಸುತ್ತಿದ್ದರು. ಯುವರಾಜನ ಬಿಲ್ಲುಗಳ ಮೇಲೆ ವಿಚಾರಣೆ ಕೂತಿತು. ಅಮೀನಪ್ಪ ತಿಂದದ್ದನ್ನು ಬ್ಯಾಂಕಿನಲ್ಲಿ ತುಂಬಿ ಚಲನ್ ತಂದ. ಯುವರಾಜನ ಕಡೆಯ ಕೆಲಸ ನಿಂತಿತು, ನಾಲ್ಕು ತಿಂಗಳು ಮನೆ ನಡೆದದ್ದು ಲಕ್ಕವ್ವನ ಮಗ್ಗದ ಮೇಲೆ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ನಮ್ಮೂರಿನ ಟ್ಯಾಂಕಿಗೂ ಒಂದು ಕಲ್ಲು ಬೇಕು, ಎರಡೂ ಮಗ್ಗುಲು ಕಾಣುವಂತೆ ನಿಲ್ಲಿಸಿಕೊಡು ಎಂದು ಕೇಳುತ್ತಿದ್ದರು.

ಆ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ಗಂಡ ಹೆಂಡತಿ ಗುಂಡನಕೊಪ್ಪಕ್ಕೆ ಹೊರಟರು. ಕೆಳಗೆ ಹಳ್ಳ ಕೆಂಪಗೆ ಭೋರ್ಗರೆಯುತ್ತಿತ್ತು, ಮೇಲೆ ಇವರು ಒಣ ಚಪ್ಪಲಿಯಲ್ಲಿ ನಡೆಯುತ್ತಿದ್ದರು. ಸೇತುವೆಯ ನಡುವೆ ಬಂದಾಗ ಅಮೀನಪ್ಪ ನಿಂತ.

"ಲಕ್ಕವ್ವಾ, ಆ ಕಲ್ಲಿನ ಸಲುವಾಗಿ ನಿನಗ ಮೂರು ಸಲ ಸುಳ್ಳು ಹೇಳೇನಿ."

"ಎರಡು ಸಲ," ಎಂದಳು ಲಕ್ಕವ್ವ. "ಮೊದಲನೇದು ಖರೇನೇ ಹೊಸ ಕಲ್ಲಿತ್ತು."

ಅವನು ಅವಳ ಮುಖವನ್ನೇ ನೋಡಿದ. ಅವಳು ನೀರು ನೋಡುತ್ತಾ ಹೇಳಿದಳು. "ಎರಡನೇ ಸಲ ಕಲ್ಲು ಬಂದಾಗ ನೀವು ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿದ್ರಿ. ಆಳುಗೋಳು ನನ್ನ ಮುಂದೇ ಇಳಿಸಿದ್ರು. ನನಗೂ ಅಕ್ಷರ ಬರ್ತಾವ್ರಿ."

"ಅಷ್ಟು ವರ್ಷ ಗೊತ್ತಿದ್ದು ಬಾಯಿ ಯಾಕ ಬಿಡಲಿಲ್ಲ?"

"ಆ ರೊಕ್ಕದಾಗ ನೀವು ಮಿಕ್ಸರ್ ತಂದ್ರಿ. ಶೇಂಗಾ ಚಟ್ನಿ ಭಾಳ ನುಣ್ಣಗ ಆಗತಿತ್ತು. ನಾನೂ ಸುಮ್ಮನ ತಿಂದೆ." ಗಾಳಿಗೆ ಹಾರುತ್ತಿದ್ದ ಸೆರಗು ಸಿಕ್ಕಿಸಿಕೊಂಡು ಮತ್ತೆ ಹೇಳಿದಳು. "ಬರಬರತ ಆ ಚಟ್ನಿ ಗಂಟಲಾಗ ಇಳೀಲಾರದಂಗಾತು. ಹೇಳಬೇಕಂದೆ. ನಾ ಹೇಳಿದ್ರ ನೀವು ಸಿಕ್ಕಿಬಿದ್ದಂಗ ಆಗತಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ಎರಡು ಸಲ ಮಗ್ಗದ ತನಕಾ ಬಂದು ನೀರು ಕೇಳಿ, ಚಹಾ ಕೇಳಿ ಹೋದ್ರಲ್ಲ, ಆವಾಗ ಮಾತ್ರ ನಗಿ ತಡಕೊಳ್ಳೂದು ಭಾಳ ಕಷ್ಟ ಆತ್ರಿ."

ಅಮೀನಪ್ಪನಿಗೆ ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು, ಕಣ್ಣಲ್ಲಿ ನೀರೂ ಬಂತು. ಅವಳು ಅದನ್ನು ನೋಡಿಯೂ ನೋಡದವಳಂತೆ ಅವನ ಕೈಯ ಚೀಲ ತಾನು ತೆಗೆದುಕೊಂಡಳು.

"ನಡೀರಿ, ಚಿಗವ್ವ ರೊಟ್ಟಿ ಬಡಿದು ಕಾಯಾಕತ್ತಿರತಾಳ," ಎಂದು ಮುಂದೆ ನಡೆದಳು.