ಮಂಗಳವಾರದ ಪಾಳಿ

ಬಾಳವ್ವನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಜಾರದಂತೆ ಧೋತರ ಸುತ್ತಿ ಗಂಟು ಹಾಕುತ್ತಿದ್ದ ಅವಳ ತಮ್ಮ ಈರಣ್ಣ, ಅರ್ಧಕ್ಕೇ ಕೈ ನಿಲ್ಲಿಸಿ ಸೋದರಳಿಯನ ಕಡೆ ತಿರುಗಿದ.

"ಅಕ್ಕನ ಡಯಾಲಿಸಿಸ್ ಯಾರು ಬಿಡಿಸಿದ್ರೋ ಪ್ರಸಾದ?"

ಪ್ರಸಾದ ತಾಯಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದ. "ಡಾಕ್ಟರ್ರ ಬ್ಯಾಡ ಅಂದ್ರು ಮಾಮಾ. ಇನ್ನ ಉಪಯೋಗಿಲ್ಲಂದ್ರು" ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ನಾಚಿಕೆಯಾಯಿತು.

ಬೆಳಿಗ್ಗೆ ಹೆಣವನ್ನು ಬೆಳಗಾವಿಯ ಶಹಾಪುರದಿಂದ ಖಾನಾಪುರದ ಈರಣ್ಣನ ಮನೆಗೆ ತಂದಿದ್ದರು. ಊರಾಚೆಯ ತುಂಡು ಹೊಲದಲ್ಲಿ, ಗಂಡನ ಸಮಾಧಿಯ ಪಕ್ಕ, ಅವಳಿಗೂ ಕುಣಿ ತೋಡುತ್ತಿದ್ದರು. ಗಂಡ ಸತ್ತ ಮೇಲೆ ಇಪ್ಪತ್ತೈದು ವರ್ಷ ಶಹಾಪುರದ ಮಗ್ಗದ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಒಬ್ಬನೇ ಮಗನನ್ನು ಐಟಿಐ ಓದಿಸಿದವಳು ಬಾಳವ್ವ. ನೂಲು ಉಜ್ಜಿ ಉಜ್ಜಿ ತೋರುಬೆರಳಿನಲ್ಲಿ ಬಿದ್ದ ಗೀರು ಈಗಲೂ ಹಾಗೇ ಇತ್ತು.

ಈರಣ್ಣ ಮಾತು ಬಿಡಲಿಲ್ಲ. ಅವಳು ತಾನಾಗಿಯೇ ಬಿಟ್ಟಳೆಂದು ಶಹಾಪುರದಿಂದ ಬಂದ ಹೆಂಗಸರು ಮಾತಾಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು.

"ಎದಿ ಮ್ಯಾಲ ಲಿಂಗ ಕಟ್ಟಿಕೊಂಡಾಕಿ ಇದ್ದ ಜೀವಾ ತಾನ ಬಿಡತಾಳೇನು? ಹಂಗ ಬಿಟ್ಟಿದ್ರ ಅದು ಆತ್ಮಹತ್ಯಾನ."

ಹೆಣಕ್ಕೆ ಕುಪ್ಪಸ ತೊಡಿಸಿದ್ದ ನೆರೆಮನೆಯ ಸಂಗವ್ವ ಮೂಲೆಯಿಂದಲೇ ಹೇಳಿದಳು. "ಆಕಿ ಎಡಗೈ ನೋಡೀರೇನು? ಸೂಜಿ ಚುಚ್ಚಿಸಿಕೊಂಡು ಹೆಂಗ ಉಬ್ಬೈತಿ. ಕುಪ್ಪಸದ ತೋಳು ಏರಲಿಲ್ಲ, ಹರದು ಹಾಕೀವಿ."

ಈರಣ್ಣ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದ. ಸತ್ತವರ ಲೆಕ್ಕ ಕೇಳುವ ಕೆಲಸ ತಮ್ಮದಲ್ಲ, ಕ್ರಿಯೆ ಎಲ್ಲರಿಗೂ ಒಂದೇ ಎಂದು ಹೇಳಿ ಅವರು ಬಿಲ್ವಪತ್ರೆ ಬಿಡಿಸತೊಡಗಿದರು.

*

ಹನ್ನೊಂದು ದಿನದ ಹಿಂದಿನ ಶುಕ್ರವಾರ, ಆಸ್ಪತ್ರೆಯಿಂದ ಬಂದ ಬಾಳವ್ವ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕುಳಿತಿದ್ದಳು.

"ಸಾಕನಸೈತೋ ಪ್ರಸಾದ. ಡಾಕ್ಟರ್ ಮುಂದನೂ ಹೇಳೇನಿ. ಇನ್ನ ಹೋಗೂದಿಲ್ಲ."

ಪ್ರಸಾದ ಒಂದು ಗಳಿಗೆಯೂ ತಡೆಯಲಿಲ್ಲ. "ನಿನ್ನ ಇಷ್ಟ ಅವ್ವಾ" ಎಂದುಬಿಟ್ಟ. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಬಹುದೆಂದು ಡಾಕ್ಟರು ಹೇಳಿದ್ದಾರೆ ಎಂದಳು. ಅವನು ಹೂಂಗುಟ್ಟಿದ.

ಒಂದೂವರೆ ವರ್ಷದಿಂದ ಮಂಗಳವಾರ, ಶುಕ್ರವಾರ ಅವ್ವನ ಡಯಾಲಿಸಿಸ್‌ಗೆಂದು ರಜೆ ಹಾಕಿ ಹಾಕಿ ಅವನು ಫೌಂಡ್ರಿಯಲ್ಲಿ ಎಲ್ಲರೆದುರು ಮಾತು ಕೇಳುತ್ತಿದ್ದ. ಮರುದಿನವೇ ಸೂಪರ್‌ವೈಜರ್ ಬಳಿ ಹೋಗಿ, ಇನ್ನು ಮೇಲೆ ಮಂಗಳವಾರವೂ ತನ್ನನ್ನು ಮೊದಲ ಪಾಳಿಗೆ ಹಾಕಬಹುದು ಎಂದ. ಅವ್ವ ಆಗ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

*

ಹೆಣ ಎತ್ತುವ ಹೊತ್ತಿಗೆ ಬೆಳಗಾವಿಯ ಬಸ್ಸಿಳಿದು ಒಬ್ಬ ಮುದುಕ ಬಂದ. ಬಿಳಿ ಅಂಗಿ, ಎಡತೋಳಿಗೆ ಪಟ್ಟಿ. ಹೆಸರು ಲಕ್ಷ್ಮಪ್ಪ, ಡಯಾಲಿಸಿಸ್‌ನಲ್ಲಿ ಬಾಳವ್ವನ ಪಕ್ಕದ ಹಾಸಿಗೆಯವನು. ಹೆಣಕ್ಕೆ ಕೈ ಮುಗಿದು ಬಹಳ ಹೊತ್ತು ನಿಂತ. ಆಸ್ಪತ್ರೆಯವರೇ ಕೈಬಿಟ್ಟರಂತೆ, ಹೌದೋ ಎಂದು ಈರಣ್ಣ ಅವನನ್ನೇ ಕೇಳಿದ.

"ಯಾರ ಹೇಳಿದ್ರು? ಆಕೀನ ಬಿಟ್ಲು. ಡಾಕ್ಟರ್ ಎರಡ ಸಲ ಬಿಡಬ್ಯಾಡ ಅಂದ್ರು. ನನಗ ಅಂಥಾ ಧೈರ್ಯ ಇಲ್ಲರೀ, ನಾ ಹೋಗಾಕತ್ತೇನಿ."

ಎಲ್ಲರೂ ಪ್ರಸಾದನತ್ತ ನೋಡಿದರು. ಈರಣ್ಣ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ನನಗ ಇದು ಒಪ್ಪಿಗಿಲ್ಲ. ಸಾಯೂತನಾ ಒಪ್ಪೂದಿಲ್ಲ. ಆದ್ರ ನೀ ಅವ್ವನ ಮಾತು ನಡಿಸಿದಿ. ಆಕಿ ಹೆಸರು ಕೆಡಬಾರದಂತ ನಮ್ಮ ಮುಂದ ಸುಳ್ಳೂ ಹೇಳಿದಿ."

ಸಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗ ಅಂದರೆ ಹೀಗಿರಬೇಕು ಎಂದಳು. ಹೊಲ ಮುಟ್ಟುವವರೆಗೂ ಆ ಮಾತನ್ನೇ ಒಬ್ಬರು ಇನ್ನೊಬ್ಬರಿಗೆ ಹೇಳುತ್ತ ನಡೆದರು. ಹೆಗಲ ಮೇಲಿನ ಹೆಣದ ಭಾರಕ್ಕಿಂತ ಆ ಹೊಗಳಿಕೆಯನ್ನು ಹೊರುವುದೇ ಪ್ರಸಾದನಿಗೆ ಕಷ್ಟವಾಯಿತು. ಕುಣಿಯೊಳಗೆ ತಾಯಿಯನ್ನು ಕೂರಿಸಿದ ಮೇಲೆ ಮೊದಲ ಹಿಡಿ ಮಣ್ಣು ಅವನೇ ಹಾಕಬೇಕಿತ್ತು. ಹಾಕಿದ. ಆಮೇಲೂ ನಿಲ್ಲಿಸದೆ, ಸಲಿಕೆ ಬಿಟ್ಟು, ಕೈಯಿಂದಲೇ ಹಸಿ ಮಣ್ಣು ಎಳೆದೆಳೆದು ಹಾಕತೊಡಗಿದ. ಕೊನೆಗೆ ಈರಣ್ಣ ರಟ್ಟೆ ಹಿಡಿದು ಎಬ್ಬಿಸಿದ.

ಲಕ್ಷ್ಮಪ್ಪ ಆ ಮಂಗಳವಾರದ ತನ್ನ ಡಯಾಲಿಸಿಸನ್ನು ಬೆಳಗಿನಿಂದ ಮೂರು ಗಂಟೆಗೆ ಬದಲಿಸಿಕೊಂಡಿದ್ದ. ಕೈಯನ್ನೂ ತೊಳೆಯದೆ ಪ್ರಸಾದ ಅವನೊಂದಿಗೆ ರಸ್ತೆಗೆ ಬಂದ. ಬಸ್ಸಿಗೆ ಕಾಯುತ್ತ ನಿಂತಾಗ, ಮಾಮನಿಗೆ ಹೇಳಲಾಗದ್ದನ್ನು ಈ ಪರಸ್ಥಳದವನಿಗೆ ಹೇಳಿದ.

*

ಹೋದ ಮಂಗಳವಾರ ಅವನು ಪಾಳಿಗೆ ಹೊರಟಾಗ ಬಾಳವ್ವ ಸ್ನಾನ ಮುಗಿಸಿ, ಆಸ್ಪತ್ರೆಗೆ ಉಡುವ ನೀಲಿ ಸೀರೆಯುಟ್ಟು, ಬಾಗಿಲ ಬಳಿ ಕುಳಿತಿದ್ದಳು. ಫೈಲು ತೊಡೆಯ ಮೇಲಿತ್ತು. "ಇವತ್ತ ಮಂಗಳವಾರ ಅಲ್ಲೇನೋ?" ಎಂದು ಕೇಳಿದಳು. ಅವನು ಹೌದು ಎಂದ. ಅವಳನ್ನು ದಾಟಿಕೊಂಡು ಹೋಗಿ ಗಾಡಿ ಚಾಲೂ ಮಾಡಿದ. ಸಂಜೆ ಬಂದಾಗ ನೀಲಿ ಸೀರೆ ಮಡಿಚಿ ಟ್ರಂಕಿನ ಮೇಲಿಟ್ಟಿದ್ದಳು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

*

"ನಾ ಒಂದ ಮಾತು, ನಡಿ ಅವ್ವಾ ಅಂದಿದ್ರ ಬರತಿದ್ಲೋ ಏನೋ, ಕಾಕಾ."

ಲಕ್ಷ್ಮಪ್ಪ ತೋಳಿನ ಪಟ್ಟಿ ಸರಿಮಾಡಿಕೊಂಡ. ರಸ್ತೆಯಾಚೆಯ ಗದ್ದೆ ನೋಡುತ್ತ ಹೇಳಿದ.

"ನಾನೂ ಅಂಗಿ ಹಾಕ್ಕೊಂಡು ಹಂಗ ಕುಂದರತೇನಿ. ಇವತ್ತ ಬ್ಯಾಡ ಬಿಡಪ್ಪಾ ಅಂತ ಮಗ ಅಂದ್ರ ಸಾಕಾಗಿತ್ತು ಅನಸತೈತಿ. ಖರೇನ ಅಂದಬಿಟ್ಟಾನಂತ ಅಂಜಿಕೀನೂ ಬರತೈತಿ. ನಿಮ್ಮವ್ವಗ ಏನ ಅನಿಸಿತ್ತೋ, ನಾ ಹೆಂಗ ಹೇಳಲಿ?"

ನಿನ್ನ ತಪ್ಪಿಲ್ಲ ಎಂದು ಅವನು ಹೇಳಲಿಲ್ಲ. ತಪ್ಪು ಎಂದೂ ಹೇಳಲಿಲ್ಲ.

ಲೋಂಡಾ ಕಡೆಯಿಂದ ಬಸ್ಸು ಬಂತು. ಬಾಗಿಲತನಕ ಜನ. ಲಕ್ಷ್ಮಪ್ಪ ಬಲಗೈಯಿಂದ ಕಂಬಿ ಹಿಡಿದು, ಎಡತೋಳನ್ನು ಯಾರಿಗೂ ತಾಗದಂತೆ ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟ. ಮೈ ತೂಗಿತು. ಪ್ರಸಾದ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ಮೇಲೆ ನೂಕಿದ.

ಬಸ್ಸು ಹೊರಟಿತು. ಬಿಳಿ ಅಂಗಿಯ ಬೆನ್ನ ಮೇಲೆ ಐದು ಬೆರಳಿನ ಹಸಿ ಮಣ್ಣು ಒತ್ತಿತ್ತು. ಅದರ ಅರಿವಿಲ್ಲದೆ ಮುದುಕ ಜನರ ನಡುವೆ ಒಳಗೊಳಗೆ ಸರಿಯುತ್ತಿದ್ದ.